ಕೀಲಿ ಕೊಡದ ಬೇಸಿಗೆ

ನೀನು ಬರೆದುಕೊಟ್ಟ ಮೂರು ಹಾಳೆಗಳನ್ನು ನಾನು ಓದಿದ್ದೆ, ರೇಷ್ಮಾ. ಓದಿಲ್ಲ ಎಂದು ನಿನ್ನ ಮುಖ ನೋಡಿ ಹೇಳಿದ್ದು ಸುಳ್ಳು. ಒಂದು ಸಲವಲ್ಲ, ಎರಡು ಸಲ ಓದಿದ್ದೆ — ಎರಡನೆಯ ಸಲ, ನೀನು ಹೇಳುತ್ತಿರುವುದು ನನ್ನ ಮನೆಯ ವಿಷಯವೇ ಎಂದು ಖಾತ್ರಿ ಮಾಡಿಕೊಳ್ಳಲು.

ಇಷ್ಟನ್ನು ಬರೆಯಲು ಒಂಬತ್ತು ವರ್ಷ ಬೇಕಾಯಿತು. ಅದರಲ್ಲಿ ಎಷ್ಟು ವರ್ಷ ಅಂಜಿಕೆಯಿಂದ ಸುಮ್ಮನಿದ್ದೆ, ಎಷ್ಟು ವರ್ಷ ನಿಜಕ್ಕೂ ಮರೆತಿದ್ದೆ — ಹೇಳಲಾರೆ. ಮರೆತಿದ್ದೆ ಎಂಬ ಮಾತನ್ನೂ ಪೂರ್ತಿ ನಂಬಬೇಡ. ಮತ್ತೆ ಮತ್ತೆ ಹೇಳಿಕೊಂಡ ಸುಳ್ಳು ಒಂದು ದಿನ ನೆನಪಿನ ಜಾಗದಲ್ಲಿ ಬಂದು ಕೂತುಬಿಡುತ್ತದೆ. ಪಾಪ, ಹುಡುಗಿ ಏನೋ ಬರೆದು ಕೊಟ್ಟಿದ್ದಳು, ಕೆಲಸದ ಗಡಿಬಿಡಿಯಲ್ಲಿ ಎಲ್ಲೋ ಇಟ್ಟುಬಿಟ್ಟೆ ಎಂದು ನಾನೇ ನಂಬಿಕೊಂಡಿದ್ದೆ. ಹದಿನೈದು ದಿನದ ಹಿಂದೆ, ನಿಮ್ಮ ಮನೆಗೆ ಬಂದು ಹೋದ ಮೇಲೆ, ಹಳೆಯ ದಿನಚರಿ ತೆಗೆದೆ. ಆ ಮೇ ತಿಂಗಳ ಒಂದು ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: 'ರೇಷ್ಮಾ ಬರೆದದ್ದು ಓದಿದೆ. ವಿಷಯ ಬಿಟ್ಟು ವೈಯಕ್ತಿಕವಾಗಿದೆ. ಅವಳಿಗೆ ವಿರೋಧ ಪಕ್ಷ ಕೊಡಬೇಕು. ಮಳೆಗೆ ಮುಂಚೆ ಸ್ಲ್ಯಾಬ್ ಆಗಬೇಕು.' ಮೂರು ವಾಕ್ಯ ನಿನ್ನ ಬಗ್ಗೆ, ನಾಲ್ಕನೆಯದು ನನ್ನ ಛಾವಣಿಯ ಬಗ್ಗೆ. ನಡುವೆ ಒಂದು ಗೆರೆ ಕೂಡ ಇಲ್ಲ.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ನಡುವೆ ಎಲ್ಲಿಂದಲೋ ಶುರು ಮಾಡಿದರೆ ನನಗೆ ಅನುಕೂಲವಾದ ಕಡೆಯಿಂದ ಶುರು ಮಾಡಿಬಿಡುತ್ತೇನೆ ಎಂಬ ಭಯ.

ಆಗ ನಾನು ಬಾಗೇವಾಡಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ನೀನು ಮನಗೂಳಿಯಿಂದ ಬಸ್ಸಿಗೆ ಬರುತ್ತಿದ್ದ ಬಿ.ಎ. ಎರಡನೆಯ ವರ್ಷದ ಹುಡುಗಿ. ಅದೇ ಬೇಸಿಗೆಯಲ್ಲಿ ನಾವು ಮನೆ ಕಟ್ಟಿಸುತ್ತಿದ್ದೆವು. ಸೆಂಟ್ರಿಂಗ್ ಕೆಲಸ ಹಿಡಿದವರು ನಿನ್ನ ಅಪ್ಪ ದಸ್ತಗೀರಸಾಬರು. ಸ್ಲ್ಯಾಬ್ ಹಾಕುವ ಮುಂಚೆ ಕಂಬ ನಿಲ್ಲಿಸಿ, ಮೇಲೆ ಕಬ್ಬಿಣದ ಪ್ಲೇಟು ಹಾಸಿ, ಆ ಪ್ಲೇಟಿನ ಮೇಲೆ ಕೂತು ಸರಳು ಕಟ್ಟಬೇಕು. ಬಿಸಿಲು ಮೇಲಿನಿಂದ, ಕಬ್ಬಿಣ ಕೆಳಗಿನಿಂದ. ಒಂದು ದಿನ ಏಣಿ ಹತ್ತಿ ನೋಡಿದೆ — ಅವರು ಗೋಣಿಚೀಲ ನೆನೆಸಿ, ಮಡಿಸಿ, ಅದರ ಮೇಲೆ ಮೊಣಕಾಲೂರಿ ಕೂತಿದ್ದರು.

"ಪ್ಲೇಟಿನ ಮ್ಯಾಲ ರೊಟ್ಟಿ ಒಗದ್ರ ಬೇಯತೈತ್ರಿ ಅಕ್ಕಾರ," ಎಂದರು. "ಪಲ್ಯ ಅಷ್ಟ ನೀವು ತರ್ರಿ."

ನಾನು ನಕ್ಕೆ. ಅದು ಚೆನ್ನಾಗಿ ನೆನಪಿದೆ.

ಎರಡು ದಿನ ಬಿಟ್ಟು, ಕಾಲೇಜಿಗೆ ಹೊರಟಿದ್ದ ನನ್ನನ್ನು ಅವರು ಗೇಟಿನ ಹತ್ತಿರ ನಿಲ್ಲಿಸಿದರು.

"ಒಂದ ಮಾತ್ರಿ ಅಕ್ಕಾರ. ನಸಿಕಿನ್ಯಾಗ ಐದೂವರಿಗೆ ಸುರು ಮಾಡಿ ಹನ್ನೊಂದಕ್ಕ ಇಳದು ಬಿಡ್ತೇವ್ರಿ. ಮತ್ತ ಸಂಜೀಮುಂದ ನಾಕಕ್ಕ ಏರ್ತೇವಿ. ಕೆಲಸ ಏನ ಕಡಿಮಿ ಆಗೂದಿಲ್ರಿ. ನಡು ಮಧ್ಯಾಹ್ನದಾಗ ಪ್ಲೇಟ್ ಮುಟ್ಟಾಕ ಆಗವಲ್ದು."

"ಶೆಡ್ಡಿನ ಕೀಲಿ ತಗೊಂಡು ಅಷ್ಟೊತ್ತಿನ್ಯಾಗ ಯಾರು ಬರ್ತಾರ?"

"ನನ್ನ ಕಡೆ ಕೊಟ್ಟಿದ್ರ ನಾನ —"

"ಅದೆಲ್ಲಾ ಆಗೂದಿಲ್ಲ ದಸ್ತಗೀರ. ನಾ ಒಂಬತ್ತಕ್ಕ ಬಂದು ತೆಗಿತೇನಿ. ಇಷ್ಟ ದಿನ ನಡದಂಗ ನಡೀಲಿ."

"ಆಯ್ತ್ರಿ," ಎಂದು ಅವರು ತಿರುಗಿ ಹೋದರು.

ಶೆಡ್ಡಿನಲ್ಲಿ ಇದ್ದದ್ದು ಸಿಮೆಂಟು, ಸರಳು, ಅವರದೇ ಸಾಮಾನು. ನಾವು ಬಾಡಿಗೆಗಿದ್ದ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ನಸುಕಿನಲ್ಲಿ ಎದ್ದು ಬರಲು ನನಗೆ ಬೇಸರ. ಕೀಲಿ ಅವರ ಕೈಗೆ ಕೊಡಲು ನಂಬಿಕೆ ಇಲ್ಲ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಬರೆಯಲು ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವರ ಬದಲು ನಮ್ಮ ಪೈಕಿಯವರು ಯಾರಾದರೂ ಕೇಳಿದ್ದರೆ ಕೊಡುತ್ತಿದ್ದೆನೇ? — ನಾಲ್ಕಾರು ದಿನದಿಂದ ಈ ಪ್ರಶ್ನೆಯ ಸುತ್ತ ಸುಳಿದಾಡುತ್ತಿದ್ದೇನೆ. ಉತ್ತರ ಗೊತ್ತಿಲ್ಲದ್ದಕ್ಕಲ್ಲ.

ಆ ವಾರವೇ ಚರ್ಚಾಸ್ಪರ್ಧೆಯ ಪತ್ರ ಬಂತು. ಪರಿಸರ ದಿನಕ್ಕೆ ಮುಂಚೆ, ಸಿಂದಗಿಯಲ್ಲಿ, ಸುತ್ತಲಿನ ಕಾಲೇಜುಗಳಿಗೆಲ್ಲ. ವಿಷಯ: ಭೂಮಿ ಬಿಸಿಯಾಗುತ್ತಿರುವುದಕ್ಕೆ ಜನ ಚಿಂತಿಸಬೇಕೇ? ಕಾಲೇಜಿಗೆ ಇಬ್ಬರು, ಒಬ್ಬರು ಪರ, ಒಬ್ಬರು ವಿರೋಧ. ರೂಢಿ ನಿನಗೆ ಗೊತ್ತು — ಭಾಷಣ ಬರೆಯುವವರು ನಾವು, ಬಾಯಿಪಾಠ ಮಾಡುವವರು ನೀವು. ನೀನು ಮಾತ್ರ ನೀನೇ ಬರೆದುಕೊಂಡು ಬಂದೆ. "ಪರ ನಾ ಮಾತಾಡ್ತೇನ್ರಿ ಮೇಡಂ," ಎಂದು ಸ್ಟಾಫ್ ರೂಮಿನ ಬಾಗಿಲಲ್ಲಿ ಮೂರು ಹಾಳೆ ಕೊಟ್ಟು, ನಾನು ಬಿಚ್ಚಿ ನೋಡುವುದರೊಳಗೆ ಹೋಗಿಬಿಟ್ಟೆ.

ಹಿಮ ಕರಗುವುದು, ಸಮುದ್ರ ಏರುವುದು ಯಾವುದೂ ಅದರಲ್ಲಿರಲಿಲ್ಲ. ಅಪ್ಪ ಸಂಜೆ ಮನೆಗೆ ಬಂದು ಉಂಡದ್ದನ್ನು ವಾಂತಿ ಮಾಡುತ್ತಾರೆ ಎಂದಿತ್ತು. ರಾತ್ರಿ ಕಾಲು ಸೆಟೆದುಕೊಂಡು ಕೂಗುತ್ತಾರೆ, ಮೈಕೈ ನೋವಿಗೆ ಅಂಗಡಿಯಿಂದ ಗುಳಿಗೆ ತಂದು ನುಂಗುತ್ತಾರೆ ಎಂದಿತ್ತು. ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದೆ ಎಂದು ಅಪ್ಪ ಅವ್ವನಿಗೆ ಹೇಳಿದ್ದು ಗೋಡೆಯಾಚೆ ನನಗೆ ಕೇಳಿಸಿತು ಎಂದಿತ್ತು. ಕೊನೆಗೆ ಒಂದು ಮಾತು — ಹಾಳೆಗಳು ಈಗ ನನ್ನ ಬಳಿ ಇಲ್ಲ, ಆದ್ದರಿಂದ ಇದು ನಿನ್ನ ಮಾತೋ, ಇಷ್ಟು ವರ್ಷದಲ್ಲಿ ನಾನು ತಿದ್ದಿದ ಮಾತೋ ತಿಳಿಯದು — ಒಂದು ಮನೆಯ ಕೀಲಿ ನಸುಕಿನಲ್ಲಿ ಸಿಕ್ಕರೆ ನಮ್ಮ ಅಪ್ಪನ ಮಟ್ಟಿಗೆ ಭೂಮಿ ಸ್ವಲ್ಪ ತಂಪಾಗುತ್ತದೆ, ಎಂಬಂಥದ್ದು.

ನೀನು ಭಾಷಣ ಬರೆದಿರಲಿಲ್ಲ, ರೇಷ್ಮಾ. ಅಪ್ಪ ಕೇಳಿ ಸೋತದ್ದನ್ನು ಮಗಳು ಮರ್ಯಾದೆ ಮೀರದ ಹಾಗೆ ಇನ್ನೊಮ್ಮೆ ಕೇಳುತ್ತಿದ್ದಳು. ಅದು ನನಗೆ ತಕ್ಷಣ ತಿಳಿಯಿತು. ತಿಳಿದು ಮೈ ಉರಿಯಿತು — ಮನೆ ಕಟ್ಟುವ ಕೆಲಸದ ಮಾತನ್ನು ಕಾಲೇಜಿಗೆ ತಂದಳಲ್ಲ ಎಂದು. ಆಮೇಲೆ ಏನು ಮಾಡಿದೆ ಗೊತ್ತೇ? 'ವಾಂತಿ'ಗೆ ನೀನು ಬಿಟ್ಟಿದ್ದ ದೀರ್ಘವನ್ನು ಕೆಂಪು ಪೆನ್ನಿನಲ್ಲಿ ತಿದ್ದಿದೆ. ತಿದ್ದಿದ್ದು ಕಂಡರೆ ಓದಿದ್ದು ಗೊತ್ತಾಗುತ್ತದೆ ಎಂದು ಹಾಳೆಗಳನ್ನು ಹರಿದು ಹಾಕಿದೆ.

ಮರುದಿನ ನೀನು ಕೇಳಿದೆ: "ಮೇಡಂ, ನಾ ಬರದದ್ದು ಓದಿದ್ರೇನ್ರಿ?"

"ಇಲ್ಲವಾ, ಟೈಮ ಸಿಗಲಿಲ್ಲ. ಎಲ್ಲೆರೆ ಇಟ್ಟಿರಬೇಕು ನೋಡ. ಅದಿರಲಿ, ನೀ ವಿರೋಧ ಮಾತಾಡು. ಪರ ಎಲ್ಲಾರೂ ಒದರ್ತಾರ. ನಾ ಬರದು ಕೊಡ್ತೇನಿ, ಫಸ್ಟ್ ಬರ್ತಿ."

ನೀನು "ಹೂಂನ್ರಿ" ಎಂದೆ.

ಬರೆದುಕೊಟ್ಟೆ. ಬಿಸಿಲು ನಮ್ಮ ನೆಲಕ್ಕೆ ಹೊಸಬನಲ್ಲ, ನಮ್ಮ ಹಿರಿಯರು ಅದರ ಜೊತೆಗೇ ಬಾಳಿದರು. ಚಿಂತೆ ಕೈಲಾಗದವರ ಕಸುಬು, ದುಡಿಯುವವನ ಬೆವರೇ ಅವನ ನೆರಳು — ಹೀಗೆ. ಲಯ ಚೆನ್ನಾಗಿತ್ತು. ಒಂದು ಮಾತನ್ನೂ ನಾನು ನಂಬಿರಲಿಲ್ಲ; ನಂಬದಿದ್ದುದರಿಂದಲೇ ಅಷ್ಟು ಚೆನ್ನಾಗಿ ಬರೆದೆನೋ ಏನೋ. ಸಿಂದಗಿಯಲ್ಲಿ ಚಪ್ಪಾಳೆಗೆ ನೀನು ಎರಡು ಸಲ ನಿಲ್ಲಬೇಕಾಯಿತು. ಮೊದಲ ಬಹುಮಾನ. ವೇದಿಕೆಯಿಂದ ಇಳಿದು ಕಪ್ಪನ್ನು ನನ್ನ ಕೈಗೆ ಕೊಟ್ಟೆ, ಮುಖ ನೋಡಲಿಲ್ಲ.

ಮರುದಿನ ಒಂಬತ್ತಕ್ಕೆ ನಾನು ಶೆಡ್ಡು ತೆಗೆಯಲು ಹೋದಾಗ ನಿನ್ನ ಅಪ್ಪನ ಮುಖ ಅರಳಿತ್ತು. ಪೂರ್ತಿ ಭಾಷಣವನ್ನು ನಿನ್ನ ಬಾಯಿಂದ ಎರಡು ಸಲ ಕೇಳಿದ್ದರಂತೆ. ಜೊತೆಯ ಕೆಲಸದವರು ಬಿಡಲಿಲ್ಲ.

"ಏ ದಸ್ತಗೀರಣ್ಣ, ನಿನ್ನ ಮಗಳು ಬಿಸಲಿಗೆ ಅಂಜಬ್ಯಾಡ್ರಿ ಅಂತ ಹೇಳಿ ಕಪ್ ಹೊಡಕೊಂಡ ಬಂದಾಳ. ಇನ್ನ ನೀ ನೆಳ್ಳಾಗ ಕುಂತ್ಯಂದ್ರ ಆಕಿ ಮಾನ ಹೋಗತೈತಿ ನೋಡ."

"ಕುಂಡರ್ತೇನೇನಲೇ? ನೀ ಏರು ಮೊದಲ," ಎಂದು ಅವರು ನಗುತ್ತ ಏಣಿ ಹತ್ತಿದರು.

ಆಗಲಾದರೂ ಹೇಳಬಹುದಿತ್ತು. ಕೀಲಿ ನನ್ನ ಕೈಯಲ್ಲೇ ಇತ್ತು. ಅದು ನನ್ನ ಭಾಷಣ ದಸ್ತಗೀರ, ನಿನ್ನ ಮಗಳದಲ್ಲ. ಅವಳು ಬರೆದದ್ದು ಬೇರೆ — ಇಷ್ಟು ಸಾಕಿತ್ತು. ಗಡಿಯಾರ ನೋಡಿಕೊಂಡು ಕಾಲೇಜಿಗೆ ಹೋದೆ. ಮಧ್ಯಾಹ್ನ ಫೋನು ಬಂತು. ಹೋಗಿ ನೋಡಿದರೆ ಅವರನ್ನು ಇಳಿಸಿ ಬೇವಿನ ಗಿಡದ ಕೆಳಗೆ ಮಲಗಿಸಿದ್ದರು. ಮೈ ಸುಡುತ್ತಿತ್ತು, ಬೆವರೇ ಇರಲಿಲ್ಲ. "ಏನಿಲ್ರಿ ಅಕ್ಕಾರ, ಒಂದೀಟ ತೆಲಿ ತಿರಗಿತ್ರಿ," ಎಂದರು. ಆಟೋದಲ್ಲಿ ದವಾಖಾನೆಗೆ ಕಳಿಸಿದೆ. ಅವರು ಹೋಗುವುದನ್ನು ನೋಡುತ್ತ ನಿಂತಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು: ನಾಳೆ ಕೆಲಸ ನಿಲ್ಲುತ್ತದೆಯೇ? ಮೂರನೆಯ ದಿನ ಅವರು ಬಂದರು. ಒಂಬತ್ತಕ್ಕೇ ಬಂದರು. ಮತ್ತೆಂದೂ ನಸುಕಿನ ಮಾತು ಎತ್ತಲಿಲ್ಲ.

ಕಿಡ್ನಿ ಕೆಟ್ಟದ್ದು ಗೊತ್ತಾದದ್ದು ಆಮೇಲೆ ಕೆಲವು ವರ್ಷಕ್ಕೆ. ಇಂಥ ದಿನದಿಂದ ಕೆಟ್ಟಿತು ಎಂದು ಯಾವ ಡಾಕ್ಟರೂ ಹೇಳಲಾರ — ಎಷ್ಟೋ ಬೇಸಿಗೆಯ ಬಿಸಿಲು, ಕುಡಿಯದ ನೀರು, ನುಂಗಿದ ಗುಳಿಗೆ, ಎಷ್ಟೋ ಜನರ ಮನೆಯ ಛಾವಣಿ. ಅದು ನಿಜ. ಆ ನಿಜದ ಮರೆಯಲ್ಲಿ ನಾನು ಬಹಳ ದಿನ ತಣ್ಣಗೆ ಕೂತಿದ್ದೆ. ಆದರೆ ಲಕ್ಷಣಗಳನ್ನು ಒಂದೊಂದಾಗಿ ಬರೆದು ಕೊಟ್ಟದ್ದು ಅಷ್ಟೂ ಮನೆಯವರಲ್ಲಿ ನನ್ನೊಬ್ಬಳಿಗೇ.

ಕಳೆದ ಸಲ ನಿಮ್ಮ ಮನೆಗೆ ಬಂದಾಗ ಹೊರಗೆ ಕಟ್ಟೆಯ ಮೇಲೆ ಕೂತು ನೀನೇ ಆ ಮಾತು ತೆಗೆದೆ. "ಆ ಭಾಷಣ ನಾ ಮಾಡಬಾರದಿತ್ರಿ ಮೇಡಂ. ಅಪ್ಪ ಅದನ್ನ ಭಾಳ ಮನಸಿಗೆ ಹಚ್ಚಿಕೊಂಡ." ನಾನು ಬರೆದದ್ದಲ್ಲವೇ, ನಿನ್ನದೇನು ತಪ್ಪು ಎಂದೆ. ನೀನು ತಲೆಯಾಡಿಸಿದೆ: "ನಾ ಬರದದ್ದು ನೀವು ಓದಿದ್ರ ಬ್ಯಾರೆ ಆಗತಿತ್ರಿ. ಓದಿದ್ರ ನೀವು ಸುಮ್ಮ ಕೂಡ್ತಿರಲಿಲ್ಲ. ಇನ್ನೊಂದ ಸರೆ ನಾನ ಬಾಯಿಬಿಟ್ಟು ಹೇಳಬೇಕಿತ್ತು." ಒಂಬತ್ತು ವರ್ಷ ನನ್ನ ಸುಳ್ಳನ್ನು ನಿನ್ನ ತಪ್ಪು ಮಾಡಿಕೊಂಡು ಹೊತ್ತಿದ್ದೀಯ. ಅಲ್ಲಿಯೂ ನಾನು ಹೇಳಲಿಲ್ಲ. ಬಸ್ಸಿನ ಹೊತ್ತಾಯಿತು ಎಂದೆ.

ಇದರಿಂದ ಏನೂ ಸರಿಹೋಗುವುದಿಲ್ಲ. ನಮ್ಮ ಓಣಿಯಲ್ಲಿ ಈಗಲೂ ಎರಡು ಮನೆ ಏಳುತ್ತಿವೆ. ಪ್ಲೇಟಿನ ಮೇಲೆ ಜನ ಏರುವುದು ಹತ್ತರ ಮೇಲೆಯೇ. ನಸುಕಿಗೆ ಶುರು ಮಾಡಿಸಿ ಎಂದು ಒಬ್ಬ ಯಜಮಾನನಿಗೆ ಹೇಳಿದೆ. "ಬಿಸಲು ಯಾವಾಗ ಇದ್ದಿದ್ದಿಲ್ರಿ ಮೇಡಂ?" ಎಂದ, ನನ್ನನ್ನೇ ಕನಿಕರದಿಂದ ನೋಡಿ. ಬೇಸಿಗೆ ವರ್ಷ ವರ್ಷ ಉದ್ದವಾಗುತ್ತಿದೆ ಎನ್ನುವುದಕ್ಕೆ ನನ್ನ ನೆನಪನ್ನು ನಾನು ಸಾಕ್ಷಿ ಕರೆಯಲಾರೆ. ಆದರೆ ಅದು ಇನ್ನು ಇಳಿಯುತ್ತದೆ ಎಂದು ಹೇಳುವವರನ್ನೂ ಕಂಡಿಲ್ಲ. ಚಿಂತಿಸಬೇಕೇ ಬೇಡವೇ ಎಂದು ಪ್ರತಿ ವರ್ಷ ಎಲ್ಲೋ ಒಂದು ಕಡೆ ಫ್ಯಾನಿನ ಕೆಳಗೆ ಚರ್ಚೆ ನಡೆಯುತ್ತದೆ, ಎರಡೂ ಪಕ್ಷಕ್ಕೆ ಅಂಕ ಕೊಡುತ್ತಾರೆ. ನಾನೂ ಕೊಟ್ಟಿದ್ದೇನೆ.

ಶುಕ್ರವಾರ ನೀವು ಡಯಾಲಿಸಿಸ್‌ಗೆ ವಿಜಯಪುರಕ್ಕೆ ಹೋದಾಗ ಅಲ್ಲಿಗೆ ಬಂದು ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಅಂಚೆಗೆ ಹಾಕುತ್ತೇನೆಂದರೆ ಹಾಕದೆ ಉಳಿಯುವ ದಾರಿ ನನಗೆ ಗೊತ್ತಿದೆ. ಅಪ್ಪನಿಗೆ ಹೇಳುವುದು, ಬಿಡುವುದು ನಿನಗೆ ಬಿಟ್ಟದ್ದು. ಕ್ಷಮಿಸು ಎಂದು ಬರೆದಿದ್ದ ಒಂದು ಸಾಲನ್ನು ಹೊಡೆದುಹಾಕಿದ್ದೇನೆ. ಮತ್ತೊಂದು ಕೆಲಸ ನಿನಗೆ ಹಚ್ಚಿದ ಹಾಗಾಗುತ್ತಿತ್ತು.

ಇನ್ನೊಂದು ಮಾತು ಉಳಿದಿದೆ. ಅದು ಅಂದು ನೀನು ಚಹಾ ಮಾಡಲು ಒಳಗೆ ಹೋದಾಗ ನಡೆದದ್ದು. ಅಪ್ಪನಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿದ್ದಾರೆ, ಅದು ಮಧ್ಯಾಹ್ನದೊಳಗೇ ಮುಗಿದಿರುತ್ತದೆ ಎಂದು ನೀನೇ ಹೇಳಿದ್ದೆ. ತಗಡಿನ ಮನೆ, ಮೂರು ಗಂಟೆಯ ಹೊತ್ತು. ಅವರ ತುಟಿ ಒಡೆದಿತ್ತು. ಅವರು ನಿಧಾನವಾಗಿ ಎದ್ದು, ಗಡಿಗೆಯಿಂದ ದೊಡ್ಡ ಲೋಟದ ತುಂಬ ನೀರು ತಂದು ನನ್ನ ಮುಂದೆ ಹಿಡಿದರು. "ಕುಡೀರಿ ಅಕ್ಕಾರ, ಬಿಸಲಾಗ ಬಂದೀರಿ," ಎಂದರು. ನನಗೆ ಬಾಯಾರಿತ್ತು. ಅವರು ಎದುರಿಗೆ ಕೂತು ನೋಡುತ್ತಿದ್ದರು. ನಾನು ಪೂರ್ತಿ ಕುಡಿದೆ.