ಬನ್ನಿಗಿಡದ ಕೆಳಗಿನ ಆರನೇ ಕಲ್ಲು

ನನಗೆ ನೆನಪಿರುವುದು ಆರು ಕಲ್ಲು. ಅಪ್ಪನ ಪ್ರಕಾರ ಐದು.

ವಿಜಯಪುರದ ಕಡೆ, ಡೋಣಿ ಹೊಳೆಯ ದಂಡೆಯ ನಮ್ಮ ಹೊಲದಲ್ಲಿ ಒಂದು ಬನ್ನಿಗಿಡವಿತ್ತು. ಎಳ್ಳಮಾವಾಸ್ಯೆಯ ದಿನ ಅದರ ಬುಡದಲ್ಲಿ ಕಲ್ಲುಗಳನ್ನು ಸಾಲಾಗಿ ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತಿದ್ದರು. ಆಮೇಲೆ ಹೊಲದ ಸುತ್ತ ನಡೆಯುತ್ತ ಮನೆಯಿಂದ ತಂದ ಅಡುಗೆಯನ್ನು ಬೆಳೆಯೊಳಗೆ ಎರಚುತ್ತಿದ್ದರು. ಚರಗ ಚೆಲ್ಲುವುದೆಂದರೆ ಇದೇ, ವರ್ಷವಿಡೀ ಉಣಿಸಿದ ಭೂಮಿಗೆ ಒಂದು ದಿನ ನಾವು ಉಣಿಸುವುದು. ನಾನು ಅದನ್ನು ಕೊನೆಯ ಸಲ ನೋಡಿದಾಗ ನನಗೆ ಏಳು ವರ್ಷ. ಮುಂದಿನ ಎಳ್ಳಮಾವಾಸ್ಯೆಯ ಹೊತ್ತಿಗೆ ನಾವು ಲಂಡನ್ನಿನ ಇಲ್ಫರ್ಡಿನಲ್ಲಿದ್ದೆವು, ಅಪ್ಪ ಆಸ್ಪತ್ರೆಯ ಡ್ಯೂಟಿಯಲ್ಲಿದ್ದ.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಇತಿಹಾಸ. ಅಲ್ಲಿ ಕಲಿತದ್ದರಲ್ಲಿ ಈಗ ಉಳಿದಿರುವುದು ಒಂದು ಚಟ ಮಾತ್ರ: ಇದನ್ನು ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಎಂದು ಕೇಳುವುದು. ಈ ಚಟ ಹತ್ತಿದವನು ಯಾವ ಕೆಲಸದಲ್ಲೂ ಬಹಳ ದಿನ ನಿಲ್ಲುವುದಿಲ್ಲ. ತೊಂಬತ್ತರ ದಶಕದ ಕೊನೆಗೆ ನಾನು ನಾಲ್ಕನೆಯ ಕೆಲಸದಲ್ಲಿ, ಐದನೆಯ ಫ್ಲ್ಯಾಟಿನಲ್ಲಿ, ನಗರದ ಇನ್ನೊಂದು ತುದಿಯ ಕೊಲಿಂಡೇಲಿನಲ್ಲಿದ್ದೆ. ಅಪ್ಪ ಆಗತಾನೇ ನಿವೃತ್ತನಾಗಿದ್ದ. ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದಾರೆಂದು ನನ್ನ ಮಗಳು ಅವನನ್ನು ಕೇಳಿದ್ದೇ ನೆಪವಾಯಿತು. ತನ್ನ ಅಪ್ಪನ, ಅಂದರೆ ನನ್ನ ಅಜ್ಜನ, ಚರಿತ್ರೆ ಬರೆಯಿಸಬೇಕೆಂದು ಅವನು ಹಟ ಹಿಡಿದ. ಅವನು ಹೇಳುವುದು, ನಾನು ಬರೆಯುವುದು. ಶನಿವಾರಕ್ಕೊಮ್ಮೆ.

ಅಜ್ಜ ಮೂರನೆಯ ಮಗ. ಹಿರಿಯರ ಹೊಲದಲ್ಲಿ ಅವನ ಪಾಲಿಗೆ ಬಂದದ್ದು ಒಂದು ಬದುವಿನಷ್ಟು. ಹೊಳೆಯ ಈಚೆ ದಂಡೆಯಲ್ಲಿ ಯಾರೂ ಉಳದ ಬೀಳು ಭೂಮಿಯಿತ್ತು. ಒಳ್ಳೆಯ ಕಪ್ಪು ಎರಿ ಮಣ್ಣು, ಆದರೆ ಕರಿಕೆ ಹುಲ್ಲು ಹಬ್ಬಿತ್ತು. ಕರಿಕೆಯ ಬೇರು ಮೊಣಕಾಲಿಗಿಂತ ಆಳಕ್ಕೆ ಹೋಗುತ್ತದೆ. ಸಣ್ಣ ನೇಗಿಲಿಗೆ ಅದು ಜಗ್ಗುವುದಿಲ್ಲ. ದೊಡ್ಡ ನೇಗಿಲು ಬೇಕು, ಅದನ್ನು ಎಳೆಯಲು ಆರು ಜೋಡಿ ಎತ್ತು ಬೇಕು. ಅಜ್ಜ ಮೂರು ಬೇಸಿಗೆ ಆ ಬನ್ನಿಗಿಡದ ಕೆಳಗೆ ಗುಡಿಸಲು ಹಾಕಿಕೊಂಡು, ನೆಲ ಒಡೆದು, ಕಿತ್ತ ಬೇರನ್ನು ರಾಶಿ ಮಾಡಿ ಸುಟ್ಟು, ನಾಲ್ಕನೆಯ ವರ್ಷ ಬಿಳಿಜೋಳ ಬೆಳೆದ. ಆ ಜೋಳ ತಿಂದು ಬೆಳೆದ ಕಿರಿಯ ಮಗನೇ ಡಾಕ್ಟರಾದ ನನ್ನಪ್ಪ.

“ಬರಿ,” ಎಂದ ಅಪ್ಪ. “ಆ ಬೀಳಿಗೆ ಮೊದಲು ನೇಗಿಲ ಹಾಕಿದಾವ ನಮ್ಮಪ್ಪ, ಒಬ್ಬನ.”

“ಒಬ್ಬನೇ ಹೇಗೆ? ಆರು ಜೋಡಿ ಎತ್ತು ಎಲ್ಲಿಂದ ಬಂದವು? ಯಾವುದಾದರೂ ಪುರಾವೆ ಇದೆಯಾ?”

“ಪುರಾವೆ ಬೇಕೇನೋ ನಿನಗ? ನಾ ಕುಂತೇನಲ್ಲ ಎದರಿಗೆ. ಅವ ಉಳದಿದ್ರ ನಾ ಎಲ್ಲಿಂದ ಬರತಿದ್ದೆ, ನೀ ಎಲ್ಲಿಂದ ಪೆನ್ನ ಹಿಡಿತಿದ್ದಿ?”

ಬರೆದುಕೊಂಡೆ. ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದೆ.

ಆ ಪ್ರಶ್ನೆಗೆ ಉತ್ತರ ಒಂದು ಯುಗಾದಿ ಊಟದ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಕೂತಿತ್ತು. ಬಾಡಿಗೆಗೆ ತೆಗೆದುಕೊಂಡ ಶಾಲೆಯ ಹಾಲ್‌ನಲ್ಲಿ ಬೆಂಗಳೂರಿನವರು, ಮೈಸೂರಿನವರು, ನಾವು ಎಲ್ಲರೂ ಸೇರಿ ಯಾರದ್ದೂ ಅಲ್ಲದ ಕನ್ನಡ ಮಾತಾಡುತ್ತಿದ್ದೆವು. ಪಕ್ಕದವರು ಊರು ಕೇಳಿದರು, ಹೇಳಿದೆ. ಅವರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ತಮ್ಮ ಭಾಷೆಗೆ ತಿರುಗಿದರು. “ಡೋಣಿ ದಂಡ್ಯಾಗ ಬನ್ನಿಗಿಡದ ಹೊಲ ಅಂತಾರಲ್ಲ, ಅದೇನ್ರಿ? ಆ ಬೀಳನ್ನ ನಮ್ಮ ಅಜ್ಜ ಮುರದಿದ್ದ.” ಅವರು ವಿಮಾನ ನಿಲ್ದಾಣದ ಪಕ್ಕದ ಫೆಲ್ಥಮ್‌ನವರು, ವಿಮಾನಕ್ಕೆ ಊಟದ ಗಾಡಿ ಏರಿಸುವ ಕೆಲಸ. ಹುಟ್ಟಿ ಬೆಳೆದದ್ದು ಸೊಲ್ಲಾಪುರದಲ್ಲಿ, ಆ ಹೊಲವನ್ನು ಕಣ್ಣಿಂದ ಕಂಡವರಲ್ಲ. “ನಮ್ಮ ಅವ್ವ ಇಲ್ಲೇ ನನ್ನ ಕೂಡ ಅದಾಳ. ನೀವು ಒಮ್ಮೆ ಬರ್ರಿ. ಅಕಿಗೆ ಒಂದು ಕೇಳೂದೈತಿ.”

ಹೋದೆ. ಆ ಮನೆಯಲ್ಲಿ ಮಾತು ತುಂಡುತುಂಡಾಗಿ ನಡೆಯುತ್ತಿತ್ತು. ವಿಮಾನ ತಲೆಯ ಮೇಲೆ ಹೋಗುವಾಗ ಎಲ್ಲರೂ ಬಾಯಿ ಮುಚ್ಚಿ ಕಾಯುವುದು, ಹೋದ ಮೇಲೆ ಬಿಟ್ಟಲ್ಲಿಂದ ಶುರು ಮಾಡುವುದು. ಎಂಬತ್ತು ದಾಟಿದ ಆ ಅಜ್ಜಿಗೆ ಅದು ರೂಢಿಯಾಗಿತ್ತು.

ಅವರು ಹೇಳಿದ್ದು ಇಷ್ಟು. ನನ್ನ ಅಜ್ಜನದು ಮೂರು ಜೋಡಿ ಎತ್ತು, ಅವರ ಗಂಡನ ಅಪ್ಪ, ಅಂದರೆ ಮಾವನದು ಮೂರು ಜೋಡಿ. ಇಬ್ಬರೂ ಕೂಡಿಯೇ ಬೀಳು ಒಡೆದದ್ದು. ನೇಗಿಲ ಮೇಣಿ ಹಿಡಿದವನು ಅವರ ಮಾವ, ಎತ್ತು ಹೊಡೆದವನು ನನ್ನ ಅಜ್ಜ. ಆಮೇಲೆ ದನಗಳಿಗೆ ದೊಡ್ಡ ರೋಗ ಬಂದು ಮಾವನ ಆರೂ ಎತ್ತು ಒಂದೇ ವಾರದಲ್ಲಿ ಸತ್ತವು. ಎತ್ತಿಲ್ಲದೆ ಊರಲ್ಲಿ ಇರಲಾರೆ ಎಂದು ಮಾವ ಸೊಲ್ಲಾಪುರದ ಬಟ್ಟೆ ಗಿರಣಿಗೆ ಹೊರಟ. ಹೊರಟ ದಿನ ನನ್ನ ಅಜ್ಜ ಒಂದು ಮಾತು ಕೊಟ್ಟನಂತೆ: ಬನ್ನಿಗಿಡದ ಬುಡಕ್ಕೆ ನಿನ್ನ ಹೆಸರಿನಲ್ಲಿ ಒಂದು ಕಲ್ಲು ಇಡುತ್ತೇನೆ, ವರ್ಷಕ್ಕೊಮ್ಮೆ ನಿನ್ನ ಪಾಲಿನ ಚರಗ ಹೋಗುತ್ತದೆ.

“ನಮ್ಮ ಮಾವ ಸಾಯೂತನಕ ಎಳ್ಳಮಾಸಿ ದಿನ ತಾಟಿನ ಮುಂದ ಕುಂತು, ‘ಅಲ್ಲಿ ನನ್ನ ಪಾಲು ಹೋಗಿರತೈತಿ’ ಅಂತ ಹೇಳೇ ಉಣತಿದ್ದ. ಮನಿ ಮಂದೆಲ್ಲಾ ನಗತಿದ್ರು. ನನ್ನ ಗಂಡಂತೂ ಎದರಿಗೇ ಅಂತಿದ್ದ, ಹೊಲಾ ಹೋತು, ಕಲ್ಲ ತಗೊಂಡು ಏನ ಮಾಡತಿ ಅಂತ. ನಾನೂ ನಕ್ಕೇನಿ.” ವಿಮಾನ ಬಂತು, ಹೋಯಿತು. “ನೀ ಸಣ್ಣಾವಿದ್ದಾಗ ನೋಡಿಯಲ್ಲ. ಎಷ್ಟ ಕಲ್ಲಿದ್ವು? ನಮ್ಮ ಮಾವ ಹುಚ್ಚನೋ ಅಲ್ಲೋ, ಅಷ್ಟು ಹೇಳಿಬಿಡು.”

“ಆರು,” ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಮಗನಿಗೆ ಬೈದರು, “ಬರೇ ಚಾ ಕೊಟ್ಟು ಕೂಡ್ರಿಸಿಯಲ್ಲೋ, ಉಪ್ಪಿಟ್ಟರ ಮಾಡಸು.”

ವಾಟರ್ಲೂಗೆ ವಾಪಸಾಗುವ ರೈಲಿನಲ್ಲಿ ನನ್ನ ಚಟ ಎಚ್ಚರವಾಯಿತು. ಆರು ಎಂಬುದು ನನಗೆ ಮೊದಲೇ ನೆನಪಿತ್ತೋ, ಅಜ್ಜಿಯ ಕಥೆ ಕೇಳಿದ ಮೇಲೆ ನೆನಪಾಯಿತೋ? ಕಣ್ಣು ಮುಚ್ಚಿದರೆ ಸಾಲಿನ ಕೊನೆಯಲ್ಲಿ ಒಂದು ಕಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು, ಬಿಳಿಯಾಗಿ. ಆದರೆ ಅಷ್ಟು ಸ್ಪಷ್ಟವಾಗಿ ನನಗೆ ಅಜ್ಜನ ಮುಖವೂ ನೆನಪಿಲ್ಲ. ಕಲ್ಲು ಮಾತ್ರ ಹೇಗೆ ಉಳಿಯಿತು? ಚೀಲದಲ್ಲಿದ್ದ ನೋಟ್‌ಬುಕ್ ತೆಗೆದೆ. ಹಿಂದಿನ ತಿಂಗಳು ಯಾವಾಗಲೋ ನಾನೇ ಬರೆದ ಸಾಲು ಸಿಕ್ಕಿತು: “ಕಲ್ಲು, ಐದು?” ಅದು ಅಪ್ಪ ಹೇಳಿದ್ದೋ, ನನ್ನದೇ ನೆನಪೋ, ಬರೆದಿರಲಿಲ್ಲ. ಮೂಲ ನಮೂದಿಸದೆ ಟಿಪ್ಪಣಿ ಮಾಡಬೇಡಿ ಎಂದು ಬೇರೆಯವರಿಗೆ ಪಾಠ ಹೇಳಿದವನು ನಾನು.

ಶನಿವಾರ ಅಪ್ಪನನ್ನು ಕೇಳಿದೆ. ಫೆಲ್ಥಮ್‌ನ ಕಥೆ ಪೂರ್ತಿ ಹೇಳದೆ, ಕಲ್ಲು ಎಷ್ಟಿದ್ದವು ಎಂದಷ್ಟೇ.

“ಪಾಂಡವರು ಎಷ್ಟ ಮಂದಿ?” ಎಂದು ಅಪ್ಪ ತಿರುಗಿ ಕೇಳಿದ. “ಐದ. ಎರಡು ಡಿಗ್ರಿ ತಗೊಂಡು ಐದರ ತನಕ ಎಣಿಸಾಕ ಬರದಂಗಾತು.”

ಅಡುಗೆಮನೆಯಿಂದ ಅವ್ವ ಬಂದಳು. ಅವಳದು ಧಾರವಾಡದ ಕಡೆ. “ಆರು ಇರಬೇಕಲ್ಲ? ನಮ್ಮ ತವರಾಗ ಆರ ಇಡತಿದ್ರು. ಐದು ಪಾಂಡವರು, ಹಿಂದೊಂದು ಕಳ್ಳ.”

“ಯಾವ ಕಳ್ಳ?”

“ಯಾವ ಕಳ್ಳ ಅಂದ್ರ? ಬೆಳಿ ಕದ್ಯಾಂವ. ಅವನ್ನೂ ಒಂದು ಕಲ್ಲು ಮಾಡಿ ಪಾಂಡವರ ಹಿಂದ ಕೂಡ್ರಸತಾರ, ಎದ್ದು ಹೊಲಕ್ಕ ಬರಬಾರದಂತ. ಅವಗ ಸುಣ್ಣ ಹಚ್ಚಂಗಿಲ್ಲ.”

“ನಮ್ಮ ಹೊಲದಲ್ಲಿ?”

“ನಿಮ್ಮ ಹೊಲದಾಗ ಗಂಡಸರು ಪೂಜಿ ಮಾಡತಿದ್ರು. ನಾ ಐವತ್ತು ಮಂದಿಗೆ ಬುಟ್ಟಿ ಕಟ್ಟತಿದ್ದೆ. ಕಲ್ಲು ಎಣಿಸಾಕ ಪುರಸತ್ತು ಎಲ್ಲಿತ್ತು?”

ಆರು ಎಂದು ಹೇಳಿ ಬಂದಿದ್ದೆ. ಆ ಆರನೆಯದು ಅಜ್ಜ ಮಾತು ಕೊಟ್ಟಿದ್ದ ಗೆಳೆಯನ ಕಲ್ಲೋ, ಕಟ್ಟಿ ಕೂರಿಸಿದ ಕಳ್ಳನದೋ? ನನಗೆ ನೆನಪಿದ್ದ ಸುಣ್ಣ ನಿಜವಾದರೆ ಗೆಳೆಯ. ಆದರೆ ಆ ಸುಣ್ಣ ಏಳು ವರ್ಷದವನು ಕಂಡದ್ದೋ, ಮೊನ್ನೆ ರೈಲಿನಲ್ಲಿ ಕೂತವನು ಹಚ್ಚಿದ್ದೋ? ಅಜ್ಜಿಗೆ ಫೋನು ಮಾಡಿ ತಿದ್ದಬೇಕೆಂದು ಎರಡು ಸಲ ನಂಬರು ಒತ್ತಿದೆ. ಏನೆಂದು ತಿದ್ದುವುದೋ ತಿಳಿಯದೆ ಇಟ್ಟೆ.

ಅಪ್ಪನಿಗೆ ಇಲ್ಫರ್ಡಿನಲ್ಲಿ ಕೌನ್ಸಿಲ್ ಕೊಟ್ಟ ಒಂದು ಅಲಾಟ್‌ಮೆಂಟ್ ಇತ್ತು. ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ, ಎರಡು ಚಾಪೆ ಹಾಸುವಷ್ಟು ನೆಲ. ಆ ನೆಲ ಸಿಕ್ಕಾಗಿನಿಂದ ಅವನು ಎಳ್ಳಮಾವಾಸ್ಯೆಗೆ ಅಲ್ಲಿ ಹೋಗಿ ಒಬ್ಬನೇ ಚರಗ ಚೆಲ್ಲಿ ಬರುತ್ತಿದ್ದ. ಅವ್ವನಿಗೆ ಮಂಡಿನೋವು, ನನಗೆ ಯಾವಾಗಲೂ ಏನಾದರೂ ಕೆಲಸ. ಆ ವರ್ಷ ಬರುತ್ತೇನೆ ಎಂದೆ. ಅವ್ವನೂ ಕೋಟು ಹಾಕಿಕೊಂಡಳು. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಬದನೆಯ ಎಣಗಾಯಿ, ಎಳ್ಳು ಬೆಲ್ಲದ ಕಡುಬು.

ನೆಲ ಹೆಪ್ಪುಗಟ್ಟಿತ್ತು. “ಇದೂ ಎರೀನ,” ಎಂದ ಅಪ್ಪ ಬೂಟಿನಿಂದ ಮಣ್ಣು ಕೆರೆಯುತ್ತ, “ಬಣ್ಣ ಅಷ್ಟ ತಪ್ಪೇತಿ.” ಶೆಡ್ಡಿನ ಹಿಂದಿನಿಂದ ಕಲ್ಲು ತಂದ. ನಾನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಅಪ್ಪ ಸೊಂಟ ನೆಟ್ಟಗೆ ಮಾಡಿಕೊಂಡ. ಮತ್ತೆ ಬಾಗಿ ಆರನೆಯದನ್ನು ಇಟ್ಟ. ಸಾಲಿನ ತುದಿಯಲ್ಲಿ, ಆದರೆ ಒಂದು ಗೇಣು ಹಿಂದೆ. ಪಕ್ಕದಲ್ಲಿ ಎನ್ನಬಹುದು, ಹಿಂದೆ ಎಂದೂ ಎನ್ನಬಹುದು.

“ಐದು ಅಂದಿದ್ದೆಯಲ್ಲ?”

“ಪಾಂಡವರು ಐದ. ಇದು ಪಾಂಡವರಾಗ ಬರೂದಿಲ್ಲ.”

“ಹಾಗಾದರೆ ಇದು ಯಾರು?”

“ನಮ್ಮಪ್ಪ ಇಡತಿದ್ದ, ನಾ ಇಡತೇನಿ. ಯಾರ ಅಂತ ಅವ ಹೇಳಲಿಲ್ಲ, ನಾ ಕೇಳಲಿಲ್ಲ.” ಸುಣ್ಣದ ಡಬ್ಬಿಯಲ್ಲಿ ಬೆರಳದ್ದಿ ಆರಕ್ಕೂ ಹಚ್ಚಿದ. ಆರನೆಯದಕ್ಕೆ ಬರುವಾಗ ಬೆರಳಲ್ಲಿ ಸುಣ್ಣ ಮುಗಿದಿತ್ತು. ಒಂದು ಮಸುಕು ಗೆರೆಯಷ್ಟೇ ಬಿತ್ತು.

“ಕಳ್ಳಗ ಸುಣ್ಣ ಹಚ್ಚತೀರೇನ್ರಿ?” ಎಂದಳು ಅವ್ವ.

“ಕಳ್ಳ ಅಂತ ಯಾರ ಅಂದ್ರು? ಕಳ್ಳಗ ಯಾರರ ಕಡುಬು ಇಡತಾರೇನು?”

“ನಮ್ಮ ಕಡೆ ಇಡತೀವಪಾ. ಅವಗೂ ಹೊಟ್ಟಿ ಇರತೈತಿ.”

ಅಷ್ಟರಲ್ಲಿ ಅಲಾಟ್‌ಮೆಂಟಿನ ಕಾರ್ಯದರ್ಶಿ ರಬ್ಬರ್ ಬೂಟು ಹಾಕಿಕೊಂಡು ಬಂದರು. ಬೇಯಿಸಿದ ತಿನಿಸು ಹಾಕಿದರೆ ಇಲಿ ಬರುತ್ತದೆ, ಕಳೆದ ವರ್ಷವೂ ಹೇಳಿದ್ದೆ ಎಂದರು. “ಜಸ್ಟ್ ಫೀಡಿಂಗ್ ದಿ ಸಾಯಿಲ್,” ಎಂದ ಅಪ್ಪ, ರೋಗಿಗೆ ಧೈರ್ಯ ಹೇಳುವ ದನಿಯಲ್ಲಿ. ಅವ್ವ ಅವರ ಕೈಗೂ ಒಂದು ಕಡುಬು ಕೊಟ್ಟಳು. ಅವರು ತಿಂದರು, ಇನ್ನೊಂದು ಕೇಳಲಿಲ್ಲ, ಹೋದರು. ಈ ಗದ್ದಲದಲ್ಲಿ ಪೂಜೆ ಮುಗಿಯಿತು. ತಿರುಗಿ ನೋಡಿದಾಗ ಆರೂ ಕಲ್ಲಿನ ಮುಂದೆ ಒಂದೊಂದು ಕಡುಬು ಇತ್ತು.

ಎರಡು ದಿನ ಬಿಟ್ಟು ಫೆಲ್ಥಮ್‌ಗೆ ಹೋದೆ. ಈ ಸಲ ಕಂಡದ್ದನ್ನು ಕಂಡಷ್ಟೇ ಹೇಳಿದೆ. ಕಲ್ಲು ಆರು, ಅದು ಖಚಿತ. ಆರನೆಯದು ಯಾರೆಂದು ಅಪ್ಪನಿಗೆ ಗೊತ್ತಿಲ್ಲ. ಅವ್ವನ ಕಡೆ ಅದು ಕಳ್ಳ. ಮೊದಲ ಸಲ ನಾನು ಯೋಚಿಸದೆ ಹೇಳಿಬಿಟ್ಟೆ, ನನ್ನ ನೆನಪಿಗೆ ನಾನು ಹೊಣೆಯಲ್ಲ.

“ಏನ್ರಿ ನೀವು,” ಎಂದು ಮಗ ಎದ್ದು ನಿಂತರು. “ಒಂದು ಸಲ ಹೂಂ ಅಂದು ಅಕೀನ್ನ ನಗಸ್ತೀರಿ, ಈಗ ಬಂದು ನಮ್ಮ ಅಜ್ಜನ್ನ ಕಳ್ಳನ್ನ ಮಾಡತೀರಿ.”

ಅಜ್ಜಿ ಕೈ ಎತ್ತಿದರು. ವಿಮಾನ ಹೋಗುವವರೆಗೆ ಆ ಕೈ ಹಾಗೇ ಇತ್ತು.

“ಕಡುಬು ಇಟ್ಟಿದ್ರೇನು ಅದರ ಮುಂದ?”

“ಇಟ್ಟಿದ್ದರು.”

“ಪಾಂಡವರಿಗೆ ಎಷ್ಟು?”

“ಒಂದೊಂದು.”

“ಇದಕ್ಕ?”

“ಒಂದು.”

“ಇಟ್ಟವರು ಯಾರು? ನಿಮ್ಮಪ್ಪನೋ, ನಿಮ್ಮವ್ವನೋ? ನಿಮ್ಮಪ್ಪ ಇಟ್ಟಿದ್ರ ಅದು ನಮ್ಮ ಮಾವನ ಪಾಲು. ನಿಮ್ಮವ್ವ ಇಟ್ಟಿದ್ರ ಕಳ್ಳಂದು.”

“ಗೊತ್ತಿಲ್ಲ,” ಎಂದೆ. ಎರಡೇ ದಿನದ ಹಿಂದಿನ ಮಾತು, ಅಲ್ಲೇ ನಿಂತಿದ್ದೆ, ಇಡುವ ಕೈ ಮಾತ್ರ ಕಾಣಿಸಲಿಲ್ಲ.

ಅಜ್ಜಿ ನಕ್ಕರು. “ನಿಮ್ಮಪ್ಪಗ ಹೇಳು, ಮುಂದಿನ ವರ್ಷ ನಾನ ಬರತೇನಿ. ನನ್ನ ಕಣ್ಣಿಲೆ ನೋಡತೇನಿ. ನಿನ್ನ ಕಣ್ಣಿನ ಮ್ಯಾಲೆ ನನಗ ಭರೋಸ ಇಲ್ಲ.”

ಫೆಲ್ಥಮ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಿಂದ ಮನೆಗೆ ಫೋನು ಮಾಡಿದೆ. ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದೆ, ಮೂರು ಜೋಡಿ ಎತ್ತು, ದೊಡ್ಡ ರೋಗ, ಕೊಟ್ಟ ಮಾತು. ಅಪ್ಪ ಅಡ್ಡ ಬಾಯಿ ಹಾಕದೆ ಕೇಳಿದ. ಕೊನೆಗೆ, “ಒಬ್ಬನ ಅಂತ ಬರಿಸಿದ್ದನ್ನ ಕಾಟು ಹೊಡಿ,” ಎಂದ. “ಎತ್ತು ಹನ್ನೆರಡಿದ್ವು ಅಂತ ಬರಿ. ಅದರಾಗ ಸುಳ್ಳಿಲ್ಲ.”

“ಮೊನ್ನೆ ಆರನೆಯ ಕಲ್ಲಿಗೆ ಕಡುಬು ಇಟ್ಟಿದ್ದು ಯಾರು? ನೀನೋ, ಅವ್ವನೋ?”

“ನೀನ ಇಟ್ಟಿಯಲ್ಲೋ,” ಎಂದ ಅಪ್ಪ. “ನಾ ಆ ಬೂಟಿನಾವನ ಕೂಡ ಮಾತಾಡಾಕ ಹತ್ತಿದ್ದೆ. ಕೈಗವಸು ತಗದು ಇಟ್ಟಿ. ಮರತಿಯೇನು?”

ಕೋಟಿನ ಕಿಸೆಯಿಂದ ಕೈಗವಸು ತೆಗೆದು ಒಳಮೈ ತಿರುವಿ ನೋಡಿದೆ. ಬೆರಳಿನ ತುದಿಗೆ ಬೆಲ್ಲ ಅಂಟಿ ಗಟ್ಟಿಯಾಗಿತ್ತು. ಆದರೆ ಆ ದಿನ ನಾನು ಕಡುಬು ತಿಂದೂ ಇದ್ದೆ.

ರೈಲು ಬರಲು ಇನ್ನೂ ಸಮಯವಿತ್ತು. ನೋಟ್‌ಬುಕ್ ತೆಗೆದು, “ಒಬ್ಬನೇ” ಎಂಬುದನ್ನು ಹೊಡೆದು ಹಾಕಿ, ಹನ್ನೆರಡು ಎತ್ತು ಎಂದು ಬರೆದೆ. ಕೆಳಗೆ ಬರೆದೆ: “ಕಲ್ಲು ಆರು. ಆರನೆಯದಕ್ಕೆ ಕಡುಬು ಇಟ್ಟವನು ನಾನು. ಹೇಳಿದವರು: ಅಪ್ಪ.”