ಬೇರೆ ಕೈ

ನಾನು ಒಬ್ಬನ ಕೈ ಮುರಿದಿದ್ದೇನೆ. ಬಲಗೈಯ ಮೂರು ಬೆರಳು. ಚಳ್ಳಕೆರೆಯಲ್ಲಿ, ಹಾಡಹಗಲೇ, ಕಬ್ಬಿಣದ ಸ್ಟೂಲಿನಿಂದ. ಕೋಪದ ಭರದಲ್ಲಿ ಆಗಿಹೋಯಿತು ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಅದು ಸುಳ್ಳು. ನನಗೆ ಮೂಗಿನ ತುದಿಯಲ್ಲೇ ಕೋಪ, ನಿಜ. ಆದರೆ ಅವತ್ತು ನಾನು ಸ್ಟೂಲು ಎತ್ತಿದ್ದು ಭಯಕ್ಕೆ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಎರಡು ರೇಷ್ಮೆ ಮಗ್ಗ ಇದ್ದವು. ಒಂದು ಅಪ್ಪನದು, ಒಂದು ನನ್ನದು. ಅವುಗಳ ವಿಷಯದಲ್ಲಿ ಅಪ್ಪನದು ಒಂದೇ ಕಾನೂನು, ಬೇರೆ ಕೈ ಬೀಳಕೂಡದು. "ಒಂದೊಂದು ಕೈ ಒಂದೊಂದು ಥರ ನೂಲು ಬಡೀತೈತೆ ಕಣ್ಲೇ. ಬೇರೆ ಕೈ ಬಿದ್ರೆ ಸೀರೆ ಮೇಲೆ ಕಾಣ್ತೈತೆ" ಎನ್ನುತ್ತಿದ್ದ. ಒಮ್ಮೆ ನನ್ನ ಭಾವ ಹಬ್ಬಕ್ಕೆ ಬಂದವನು ತಮಾಷೆಗೆ ಲಾಳಿ ಎಳೆದ. ಅಪ್ಪ ಅವನ ಕೆನ್ನೆಗೆ ಬಾರಿಸಿದ. ಮನೆಯ ಅಳಿಯನೆಂದು ಕೂಡ ನೋಡಲಿಲ್ಲ. ಅಕ್ಕ ಎರಡು ವರ್ಷ ತವರಿನ ಹೊಸ್ತಿಲು ತುಳಿಯಲಿಲ್ಲ.

ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಅಪ್ಪ ಮೂವತ್ತು ವರ್ಷ ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬರೆದಿದ್ದ ಅಂಚು, ಸೆರಗು, ಬುಟ್ಟಾಗಳನ್ನೆಲ್ಲ ನಾನು ಕಂಪ್ಯೂಟರಿಗೆ ಇಳಿಸಿದ್ದೆ. ಹಾಳೆಗಳಲ್ಲಿ ಅರ್ಧವನ್ನು ಗೆದ್ದಲು ತಿಂದಿತ್ತು. "ಇನ್ನೇನಕ್ಕವ್ವಾ, ಒಲೆಗೆ ಹಾಕು" ಎಂದು ಉಳಿದರ್ಧವನ್ನು ನೀರೊಲೆಗೆ ಕೊಟ್ಟವನು ನಾನೇ. ಅಲ್ಲಿಗೆ ಅಪ್ಪನ ಜೀವಮಾನದ ಕೆಲಸವೆಲ್ಲ ಆ ಒಂದು ಡಬ್ಬಿಯೊಳಗೆ ಸೇರಿತು.

ಅದನ್ನು ರಿಪೇರಿ ಮಾಡುತ್ತಿದ್ದವನ ಅಂಗಡಿ ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿತ್ತು. ನನಗಿಂತ ಎರಡು ವರ್ಷ ಚಿಕ್ಕವನು, ನನ್ನನ್ನು ಅಣ್ಣಾ ಎನ್ನುತ್ತಿದ್ದ. ಒಮ್ಮೆ ಮಷೀನು ಆನ್ ಆಗದೆ ಹೋದಾಗ ಬಸ್ಸಿನಲ್ಲಿ ಹೊತ್ತೊಯ್ದು ಎರಡು ದಿನ ಅವನಲ್ಲಿ ಬಿಟ್ಟೆ. ವಾಪಸು ಕೊಡುವಾಗ, "ಡಿಸ್ಕು ಹಳೇದಾಗೈತೆ ಅಣ್ಣಾ. ಎಲ್ಲದ್ದೂ ಒಂದು ಕಾಪಿ ಇಟ್ಕಳ್ರಿ" ಎಂದ. "ಆಯ್ತು ಬಿಡಯ್ಯ, ನಂಗೇ ಪಾಠ ಹೇಳ್ಬೇಡ" ಎಂದು ಬಂದೆ. ಹಿತ್ತಲ ಗಿಡ ಮದ್ದಲ್ಲ.

ವಾರ ಕಳೆದಿರಲಿಲ್ಲ, ಪರದೆಯ ಮೇಲೆ ಕೆಂಪು ಚೌಕವೊಂದು ಬಂದು ಕೂತಿತು. ನಿಮ್ಮ ಕಂಪ್ಯೂಟರಿಗೆ ವೈರಸ್ ಹತ್ತಿದೆ, ಈ ನಂಬರಿಗೆ ಫೋನ್ ಮಾಡಿ ಎಂದು ಇಂಗ್ಲಿಷಿನಲ್ಲಿತ್ತು. ಅಪ್ಪ, ಅವ್ವ ಇಬ್ಬರೂ ಗೌರಸಮುದ್ರದ ಜಾತ್ರೆಗೆ ಹೋಗಿದ್ದರು. ಮತ್ತೆ ಚಳ್ಳಕೆರೆಗೆ ಯಾರು ಹೊರುತ್ತಾರೆ ಎಂದು ಫೋನ್ ಮಾಡಿದೆ. ಆಚೆಯವನು ಹಿಂದಿಯಲ್ಲಿ ಶುರು ಮಾಡಿದ. ನನ್ನ ಹರಕು ಹಿಂದಿ ಕೇಳಿ, ಊರು ವಿಚಾರಿಸಿ, ತಟ್ಟನೆ ತೆಲುಗಿಗೆ ಹೊರಳಿದ. "ಏಂ ಭಯಪಡಾಕು ಅನ್ನಾ, ನೇನು ಚೂಸ್ಕುಂಟಾ." ಹೆದರಬೇಡ ಅಣ್ಣಾ, ನಾನು ನೋಡಿಕೊಳ್ಳುತ್ತೇನೆ. ರಾಯದುರ್ಗದ ನಮ್ಮ ನೆಂಟರು ಆಡುವ ತೆಲುಗೇ ಅದು. ನಮ್ಮವನೇ ಅಂದುಕೊಂಡೆ. ಮುಖ ಕಾಣದವನನ್ನು ನಂಬಲು ನನಗೆ ಅಷ್ಟೇ ಸಾಕಾಯಿತು.

ಅವನು ಹೇಳಿದ್ದನ್ನೆಲ್ಲ ಒತ್ತಿದೆ. ಪರದೆಯಲ್ಲಿ ಬಂದ ಅಂಕೆಗಳನ್ನು ಓದಿ ಹೇಳಿದೆ. ಬಾಣದ ಗುರುತು ತಾನಾಗಿಯೇ ಓಡಾಡತೊಡಗಿತು. ನಾನು ಮೌಸ್ ಬಿಟ್ಟು, ಕೈಕಟ್ಟಿ ಕೂತು ನೋಡಿದೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವನು ಎಟಿಎಂ ಕಾರ್ಡಿನ ನಂಬರು ಕೇಳಿದ. ನನಗೆ ನೆತ್ತಿಗೇರಿತು. ಅವನ ತಾಯಿ, ಅಕ್ಕ, ತಂಗಿ ಯಾರನ್ನೂ ಬಿಡದೆ ಎರಡೂ ಭಾಷೆಯಲ್ಲಿ ಬೈದೆ. ಅವನು ನಕ್ಕ. "ಇಪ್ಪುಡು ಚೂಡು" ಎಂದ. ಈಗ ನೋಡು. ಅಪ್ಪನ ಡಿಸೈನುಗಳಿದ್ದ ಫೋಲ್ಡರ್ ತೆರೆದುಕೊಂಡು ನನ್ನ ಕಣ್ಣೆದುರೇ ಖಾಲಿಯಾಯಿತು. ಪ್ಲಗ್ ಕೀಳಬೇಕಿತ್ತು. ನಾನು ಫೋನಿನಲ್ಲಿ ಅರಚುತ್ತಿದ್ದೆ. ಕೊನೆಗೆ ರಿಸೀವರನ್ನು ಗೋಡೆಗೆ ಅಪ್ಪಳಿಸಿ ಚೂರು ಮಾಡಿದೆ.

ಸಂಜೆ ಬಂದ ಅಪ್ಪ ಖಾಲಿ ಪರದೆಯನ್ನು ನೋಡಿ, "ಯಾರ್ಲೇ ಕೈ ಹಾಕಿದ್ದು?" ಎಂದ.

"ಚಳ್ಳಕೆರೆಯೋನ ಹತ್ರ ಎರಡು ದಿನ ಇತ್ತಲ್ಲಪ್ಪ" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಹೋದೆವು. ಅವನು ಆಗತಾನೆ ಶಟರ್ ಎತ್ತಿ ಕಸ ಗುಡಿಸುತ್ತಿದ್ದ. "ಬರ್ರಿ ಯಜಮಾನ್ರೇ" ಎಂದು ಅಪ್ಪನಿಗೆ ಸ್ಟೂಲು ಎಳೆದುಕೊಟ್ಟ. ನಾನು ಅವನ ಕೊರಳಪಟ್ಟಿ ಹಿಡಿದು ಕಪಾಟಿಗೆ ಅಪ್ಪಳಿಸಿದೆ. ತುಟಿ ಒಡೆದು ರಕ್ತ ಬಂತು. "ಏನಾತಣ್ಣಾ? ಏನಾತು?" ಎನ್ನುತ್ತಲೇ ಇದ್ದ. ನಾನು ಹೊಡೆಯುತ್ತಲೇ ಇದ್ದೆ. ಅಪ್ಪ ಅಂಗಡಿ ಜಾಲಾಡಿದ. ಸಾಲಾಗಿ ಜೋಡಿಸಿದ್ದ ಸಿಡಿಗಳ ನಡುವೆ ಒಂದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದಿತ್ತು, 'ಮೊಳಕಾಲ್ಮೂರು ಮಗ್ಗದ ಮನೆ, ಡಿಸೈನು'.

"ಸಿಕ್ತು! ಕಳ್ಳ ನನ್ಮಗ!" ಎಂದು ಅಪ್ಪ ಕೂಗಿದ.

ನನಗೆ ಆ ಕ್ಷಣವೇ ಅರ್ಥವಾಯಿತು. ನಾನು ಕಾಪಿ ಇಟ್ಟುಕೊಳ್ಳುವವನಲ್ಲವೆಂದು ಮೊದಲೇ ಊಹಿಸಿ, ಮಷೀನು ತನ್ನಲ್ಲಿದ್ದಾಗಲೇ ಅವನು ನಮಗಾಗಿ ಒಂದು ಇಟ್ಟಿದ್ದ. ನೆಲಕ್ಕೆ ಕುಸಿದಿದ್ದವನು ಬಲಗೈಯನ್ನು ಮೇಜಿನ ಮೇಲೆ ಊರಿ ಎದ್ದ. "ಯಜಮಾನ್ರೇ, ಅದು ನಿಮಗೇ ಅಂತ..." ಎಂದ. ಆ ಮಾತು ಮುಗಿದರೆ ಅಪ್ಪ ನನ್ನ ಕಡೆ ತಿರುಗುತ್ತಿದ್ದ. ನಾನು ಮುಗಿಸಲು ಬಿಡಲಿಲ್ಲ. ಸ್ಟೂಲು ಎತ್ತಿ ಆ ಕೈಯ ಮೇಲೆ ಇಳಿಸಿದೆ. ಬೆರಳು ಮುರಿದ ಸದ್ದು ಹಸಿ ಕಡ್ಡಿ ಮುರಿದಂತೆ ಕೇಳಿತು. ಅವನು ಅಲ್ಲೇ ಕೂತುಬಿಟ್ಟ.

ಸಿಡಿಯಲ್ಲಿ ಒಂದು ಬುಟ್ಟಾ ಕೂಡ ತಪ್ಪದೆ ಎಲ್ಲವೂ ಇತ್ತು. ಮಗ ಕಳ್ಳನ ಕೈ ಮುರಿದು ಮಾಲು ತಂದ ಕಥೆಯನ್ನು ಅಪ್ಪ ಬೀದಿಗೆಲ್ಲ ಹೇಳಿದ. ಮೂರನೆಯ ದಿನ ಮಗ್ಗದಲ್ಲಿ ಕೂತವನು ಲಾಳಿ ಎಸೆಯುವುದನ್ನು ನಿಲ್ಲಿಸಿದ.

"ಕಳ್ಳ ಆಗಿದ್ರೆ ಅದರ ಮೇಲೆ ನಮ್ಮನೆ ಹೆಸರು ಯಾಕ್ಲೇ ಬರೀತಿದ್ದ?"

ಹೇಳಿಬಿಟ್ಟೆ. ಫೋನು, ತೆಲುಗು, ಬೈಗುಳ, ಎಲ್ಲವನ್ನೂ. ಅಪ್ಪ ಕೈಯಲ್ಲಿದ್ದ ಲಾಳಿಯನ್ನೇ ಬೀಸಿದ. ಅದರ ಉಕ್ಕಿನ ಮೊನೆ ನನ್ನ ಹುಬ್ಬು ಸೀಳಿತು. ಆ ಗುರುತು ಈಗಲೂ ಇದೆ. ಅವ್ವ ಅಡ್ಡ ಬರದಿದ್ದರೆ ಇನ್ನೊಂದು ಬೀಳುತ್ತಿತ್ತು. ಬಿದ್ದಿದ್ದರೆ ಚೆನ್ನಾಗಿತ್ತು.

ಮರುದಿನ ನನ್ನ ರೆಟ್ಟೆ ಹಿಡಿದು ಚಳ್ಳಕೆರೆಗೆ ಎಳೆದೊಯ್ದ. ಅಂಗಡಿಯಲ್ಲಿ ಅವನು ಪಟ್ಟಿ ಕಟ್ಟಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ತಡವರಿಸುತ್ತ ಮೌಸ್ ಆಡಿಸುತ್ತಿದ್ದ. ಅಪ್ಪ ಕೈಮುಗಿದು ನಿಂತ. ನಾನು ನಡೆದದ್ದನ್ನು ಒದರಿದೆ. ಅವನು ಪೂರ್ತಿ ಕೇಳಿದ.

"ಆ ಫೋನಿನವನ್ನ ಏನ್ ನೋಡಿ ನಂಬಿದ್ರಿ?"

"ಅಣ್ಣಾ ಅಂದ."

"ನಾನೂ ಹಂಗೇ ಅಂತಿದ್ನಲ್ರಿ" ಎಂದು ಪರದೆಯ ಕಡೆ ತಿರುಗಿಕೊಂಡ. ನಾವು ಹೊರಡುವವರೆಗೂ ಮತ್ತೆ ಈಚೆ ನೋಡಲಿಲ್ಲ.

ಮನೆಗೆ ಬಂದು, ಏನು ಮಾಡುವುದೆಂದು ತೋಚದೆ, ನನ್ನ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ಲಾಳಿಗೆ ಕೈ ಚಾಚಿದೆ.

"ಏಳು" ಎಂದ ಅಪ್ಪ.

"ಯಾಕಪ್ಪಾ?"

"ಬೇರೆ ಕೈ."

ಮುಂದಿನ ವಾರ ಅಕ್ಕನ ಮನೆಗೆ ತಾನೇ ಹೋಗಿ, ಭಾವನನ್ನು ಕರೆತಂದು ಆ ಮಗ್ಗಕ್ಕೆ ಕೂರಿಸಿದ.