ಹೆಸರು ತಾಳೆಯಾದರೆ ಸಾಲದು

ಪಂಪುಗಳನ್ನು ಹೊರದೇಶಕ್ಕೆ ಕಳಿಸುವ ಕಂಪನಿಯ ಹಿರಿಯ ಗುಮಾಸ್ತರನ್ನು ಎಲ್ಲರೂ ಕರೆಯುವುದು ‘ಪಟ್ಟಿ ಮಾಮ’ ಎಂದೇ. ಯಾರ ಜೊತೆ ವ್ಯಾಪಾರ ಮಾಡಬಾರದು, ಯಾವ ಹಡಗಿನಲ್ಲಿ ಸರಕು ಕಳಿಸಬಾರದು ಎಂದು ಸರ್ಕಾರ ಹೊರಡಿಸುವ ನಿಷೇಧದ ಪಟ್ಟಿಯನ್ನು ಅವರು ದಿನಾ ಬೆಳಗ್ಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುತ್ತಾರೆ. ಅವರು ಹೂಂ ಅನ್ನದೆ ಗೋದಾಮಿನಿಂದ ಒಂದು ಮೊಳೆಯೂ ಹೊರಗೆ ಹೋಗದು. “ಹಡಗಿಗೆ ಬಣ್ಣ ಬಳಿದು ಹೆಸರು ಬದಲಾಯಿಸಬಹುದು ಕಣ್ರೀ, ಅದರ ನಂಬರು ಸಾಯೋತನಕ ಅದೇ” ಎನ್ನುವುದು ಅವರ ಮಂತ್ರ. ತಂಗಿಯ ಮಗಳು ಮೆಚ್ಚಿದ ಹುಡುಗನ ಹೆಸರನ್ನೂ ಮೊದಲು ಪಟ್ಟಿಯಲ್ಲಿ ಹುಡುಕಿ, ಆಮೇಲೆ ಕೂರಲು ಕುರ್ಚಿ ಕೊಟ್ಟವರು. ಮೊನ್ನೆ ಪಂಪು ಕೇಳಿದ ದೂರದೇಶದ ಅಂಗಡಿಯಾಕೆಯ ಹೆಸರು ಪಟ್ಟಿಯಲ್ಲಿದ್ದ ಒಂದು ಹೆಸರಿಗೆ ಅಕ್ಷರಕ್ಕಕ್ಷರ ತಾಳೆಯಾಯಿತು. “ನಮಗ್ಯಾಕೆ ಉಸಾಬರಿ, ಇಲ್ಲ ಅಂದ್ಬಿಡಿ” ಎಂದರು ಮಾಲೀಕರು. “ಹೆಸರು ತಾಳೆಯಾದ್ರೆ ಸಾಲದು ಸಾರ್, ಹುಟ್ಟಿದ ತಾರೀಕೂ ತಾಳೆಯಾಗಬೇಕು, ಅಪ್ಪನ ಹೆಸರೂ ತಾಳೆಯಾಗಬೇಕು” ಎಂದು ಮಾಮ ಪಟ್ಟು ಹಿಡಿದರು. ನಾಲ್ಕು ವಾರ ಪತ್ರದ ಮೇಲೆ ಪತ್ರ ಬರೆದು, ಅವಳೇ ಬೇರೆ ಇವಳೇ ಬೇರೆ ಎಂದು ಸರ್ಕಾರದಿಂದಲೇ ಬರೆಸಿಕೊಂಡರು. ಪಂಪು ತುಂಬಿದ ಲಾರಿ ಗೇಟು ದಾಟುವಾಗ, ಯುದ್ಧ ಗೆದ್ದವರಂತೆ ಮೆಟ್ಟಿಲ ಮೇಲೆ ನಿಂತು ಮೀಸೆ ತಿರುವಿದರು. ಸರ್ಕಾರದ ಪತ್ರದ ಒಂದು ಪ್ರತಿಯನ್ನು ಅಂಗಡಿಯಾಕೆಗೂ ಕಳಿಸಿ, “ಇದನ್ನು ಸದಾ ಜೊತೆಯಲ್ಲೇ ಇಟ್ಟುಕೊಳ್ಳಿ, ತಾಯಿ” ಎಂದು ಬರೆದರು. ಆ ಪಟ್ಟಿಯ ಮೂರನೇ ಪುಟದಲ್ಲಿ ಮಾಮನ ಹೆಸರೂ ಇದೆ; ಆ ಮನುಷ್ಯ ಇವರಲ್ಲ ಎನ್ನುವ ಪತ್ರ, ಇಪ್ಪತ್ತು ವರ್ಷದಿಂದ ಮಡಿಸಿ ಮಡಿಸಿ ಸವೆದು, ಅವರ ಅಂಗಿಯ ಜೇಬಿನಲ್ಲಿದೆ.